ರಾತ್ರಿ ಎಲ್ಲಿ ಮಲಗ್ತೀರಿ?

ಜೂನ್ ಒಂದಕ್ಕೆ ಮೀನುಗಾರಿಕೆ ನಿಷೇಧ ಶುರು. ಯಾಂತ್ರಿಕ ದೋಣಿಗಳೆಲ್ಲ ಎರಡು ತಿಂಗಳು ದಡ ಸೇರುತ್ತವೆ. ಆ ಹೊತ್ತಿಗೆ ಕಾರವಾರದ ನನ್ನ ಕ್ಲಿನಿಕ್‌ಗೆ ಕಾಯಿಲೆಯೇ ಇಲ್ಲದ ಪೇಶೆಂಟುಗಳು ಬರತೊಡಗುತ್ತಾರೆ. ಕೈಯಲ್ಲಿ ಟ್ರಾವೆಲ್ಸ್‌ನವರು ಕೊಟ್ಟ ಕಾಗದ, ಮುಖದ ತುಂಬ ಉಮೇದು. "ಡಾಕ್ಟ್ರೇ, ಲಡಾಖ್‌ಗೆ ಹೊರಟಿದ್ದೇವೆ. ಅಲ್ಲಿನ ಎತ್ತರಕ್ಕೆ ಮೈ ಕೆಡ್ತದಂತೆ, ಏನಾದರೂ ಮಾತ್ರೆ ಇದ್ರೆ ಬರೆದುಕೊಡಿ."

ಬಿ.ಪಿ. ನೋಡುವ ಮೊದಲೇ ನಾನು ಒಂದು ಮಾತು ಕೇಳುತ್ತೇನೆ: ರಾತ್ರಿ ಎಲ್ಲೆಲ್ಲಿ ಮಲಗ್ತೀರಿ?

ಕಳೆದ ವರ್ಷ ಅಂಕೋಲಾ ಕಡೆಯ ದಂಪತಿ ಬಂದಿದ್ದರು. ದೋಣಿ ಇಟ್ಟವರು. ಅವರ ಕಾಗದದಲ್ಲಿ ಮೊದಲ ದಿನ ಲೇಹ್, ಅದೇ ಸಂಜೆ ಶಾಂತಿ ಸ್ತೂಪ. ಎರಡನೇ ದಿನ ಖರ್ದುಂಗ್ ಲಾ ಎಂಬ ಎತ್ತರದ ಘಟ್ಟ ದಾಟಿ ನುಬ್ರಾ ಕಣಿವೆ. ಮೂರನೇ ದಿನ ಪಾಂಗಾಂಗ್ ಸರೋವರ. ನಾಲ್ಕನೇ ದಿನ ವಾಪಸ್ ಲೇಹ್, ಐದಕ್ಕೆ ವಿಮಾನ. ನಾನು ಪೆನ್ನು ತೆಗೆದು ಅಂಚಿನಲ್ಲಿ ಪ್ರತಿ ರಾತ್ರಿಯ ಎತ್ತರ ಬರೆದೆ. ಲೇಹ್ 3,500 ಮೀಟರ್. ನುಬ್ರಾದ ಹುಂಡರ್ ಸುಮಾರು 3,100. ಪಾಂಗಾಂಗ್ ಸುಮಾರು 4,250. ಆ ಪಟ್ಟಿಯ ಮೊದಲ ಸಾಲಿನಲ್ಲಿ ಅವರ ಸ್ವಂತ ಮನೆ: 10 ಮೀಟರ್. ಆಕೆ ಆ ಸಾಲನ್ನೇ ನೋಡುತ್ತಾ ಕೂತರು. "ಮುಳ್ಳಯ್ಯನಗಿರಿ ಎಷ್ಟು?" ಅಂತ ಕೇಳಿದರು. 1,930. ಕರ್ನಾಟಕದ ಅತಿ ಎತ್ತರದ ಬೆಟ್ಟ. ಲೇಹ್ ಪೇಟೆ ಹೆಚ್ಚುಕಡಿಮೆ ಅದರ ಎರಡರಷ್ಟು ಎತ್ತರದಲ್ಲಿದೆ.

ದೇವಿಮನೆ ಘಟ್ಟ ಹತ್ತುವಾಗ ಕಿವಿ ಗುಂಯ್ ಅನ್ನುತ್ತದೆ ಅಲ್ವಾ? ನಮಗೆ ಗೊತ್ತಿರುವ ಎತ್ತರ ಅಷ್ಟೇ. ಇಲ್ಲಿಂದ ಹೊರಟವರು ಗೋವಾದಲ್ಲಿ ವಿಮಾನ ಹತ್ತಿ ದಿಲ್ಲಿಗೆ ಹೋಗುತ್ತಾರೆ. ಮರುದಿನ ಬೆಳಗಿನ ವಿಮಾನ ಒಂದೂಕಾಲು ಗಂಟೆಯಲ್ಲಿ ಲೇಹ್‌ನಲ್ಲಿ ಇಳಿಸುತ್ತದೆ. ಹಿಂದಿನ ದಿನ ಬೆಳಿಗ್ಗೆ ಬಂದರಿನಲ್ಲಿದ್ದ ದೇಹಕ್ಕೆ ಏನಾಯಿತೆಂದೇ ತಿಳಿದಿರುವುದಿಲ್ಲ.

ಅಲ್ಲಿ ಆಮ್ಲಜನಕದ ಪಾಲು ಕಡಿಮೆ ಅಂತ ಹಲವರು ತಿಳಿದಿದ್ದಾರೆ. ಪಾಲು ಇಲ್ಲಿಯಷ್ಟೇ, ನೂರಕ್ಕೆ 21. ಕಡಿಮೆ ಇರುವುದು ಗಾಳಿಯ ಒತ್ತಡ. ಲೇಹ್‌ನಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡರಷ್ಟು, ಖರ್ದುಂಗ್ ಲಾ ಮೇಲೆ ಅರ್ಧಕ್ಕೆ ಹತ್ತಿರ. ದೋಣಿಯವರಿಗೆ ನಾನು ಹೇಳುವುದು ಹೀಗೆ: ಬಲೆ ಅದೇ, ಬೀಸುವ ಕೈ ಅದೇ, ಆದರೆ ಮೂರು ಬುಟ್ಟಿ ಬಂಗಡೆ ಸಿಗುವಲ್ಲಿ ಎರಡೇ ಸಿಗುತ್ತದೆ. ಆಗ ಏನು ಮಾಡ್ತೀರಿ? ಜಾಸ್ತಿ ಸಲ ಬಲೆ ಬೀಸ್ತೀರಿ. ದೇಹವೂ ಅದನ್ನೇ ಮಾಡುತ್ತದೆ, ಉಸಿರಾಟದ ವೇಗ ಏರುತ್ತದೆ. ಆದರೆ ಜೋರಾಗಿ ಉಸಿರಾಡಿದರೆ ರಕ್ತ ಕ್ಷಾರದ ಕಡೆಗೆ ವಾಲುತ್ತದೆ, ಮೆದುಳು "ಸಾಕು, ನಿಧಾನ" ಅನ್ನುತ್ತದೆ. ಮೂತ್ರಪಿಂಡ ಆ ಕ್ಷಾರವನ್ನು ಹೊರಹಾಕಬೇಕು, ಅದಕ್ಕೆ ಒಂದೆರಡು ದಿನ ಬೇಕು. ಲೇಹ್‌ನಲ್ಲಿ ಎರಡು ದಿನ ಸುಮ್ನೆ ಇರಿ ಅನ್ನುವುದು ಇದಕ್ಕೇ. ಹೋಟೆಲಿನಲ್ಲಿ ನೆಲಮಹಡಿಯ ಕೋಣೆ ಕೇಳಿ. ಸ್ತೂಪ ಎಲ್ಲಿಗೂ ಓಡಿಹೋಗುವುದಿಲ್ಲ.

ಈ ವಿಷಯದಲ್ಲಿ ಜಗತ್ತಿಗೆ ಗೊತ್ತಿರುವುದರಲ್ಲಿ ಒಂದು ದೊಡ್ಡ ಪಾಲು ನಮ್ಮ ಸೈನಿಕರಿಂದ ಬಂದದ್ದು. 1962ರ ಯುದ್ಧದ ಹೊತ್ತಿನಲ್ಲಿ ಬಯಲಿನ ಹುಡುಗರನ್ನು ದಿಢೀರನೆ ಮೇಲೆ ಸಾಗಿಸಬೇಕಾಯಿತು. ತಲೆನೋವು, ವಾಂತಿ, ಎದೆಯಲ್ಲಿ ನೀರು. 1969ರಲ್ಲಿ ಇಂದರ್ ಸಿಂಗ್ ಮತ್ತು ಜೊತೆಗಾರರು 1,925 ಸೈನಿಕರನ್ನು ಗಮನಿಸಿ ಬರೆದ ಲೇಖನ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಇವತ್ತಿಗೂ ಸೇನೆಯಲ್ಲಿ 9,000ದಿಂದ 12,000 ಅಡಿಯ, ಅಂದರೆ ಲೇಹ್ ಇರುವ ಹಂತಕ್ಕೇ ಆರು ದಿನ ಕೊಡುತ್ತಾರೆ. ಗಟ್ಟಿಮುಟ್ಟಾದ ಜವಾನನಿಗೆ ಆರು ದಿನ. ನಮ್ಮ ಟ್ರಾವೆಲ್ಸ್ ಕಾಗದದಲ್ಲಿ ಒಂದು ರಾತ್ರಿ.

ಗಟ್ಟಿಮುಟ್ಟು ಅಂದೆ. ಫಿಟ್ ಆಗಿದ್ದರೆ ಏನೂ ಆಗುವುದಿಲ್ಲ ಅನ್ನುವುದು ಸುಳ್ಳು. ನನ್ನ ಅನುಭವದಲ್ಲಿ ಜಾಸ್ತಿ ಪೆಟ್ಟು ತಿನ್ನುವವರು ಇಪ್ಪತ್ತೈದರ ಹುಡುಗರೇ. ತಲೆನೋವು ಬಂದರೂ ಬೈಕ್ ನಿಲ್ಲಿಸುವುದಿಲ್ಲ.

ನಾನೂ ಕಮ್ಮಿಯೇನಿರಲಿಲ್ಲ. ಹಲವು ವರ್ಷಗಳ ಹಿಂದೆ ಗೆಳೆಯನ ಜೊತೆ ಮನಾಲಿ ಕಡೆಯಿಂದ ರಸ್ತೆಯಲ್ಲಿ ಲೇಹ್‌ಗೆ ಹೊರಟೆ. ಮನಾಲಿ 2,050 ಮೀಟರ್. ಜಿಸ್ಪಾದಲ್ಲಿ ನಿಲ್ಲಬೇಕಿತ್ತು, ಅದು 3,200. "ಸರ್ಚುವಿಗೇ ಹೋಗೋಣ ಸಾರ್, ನಾಳೆ ಹಗುರ ಆಗ್ತದೆ" ಎಂದ ಡ್ರೈವರ್. ಡಾಕ್ಟರ್ ಆಗಿಯೂ ತಲೆಯಾಡಿಸಿದೆ. ಸರ್ಚು 4,290. ರಾತ್ರಿಯಿಡೀ ಟೆಂಟಿನಲ್ಲಿ ತಲೆ ಒಡೆಯುವ ನೋವು. ಪಕ್ಕದಲ್ಲಿ ಗೆಳೆಯ ನಾಲ್ಕು ಸಲ ಜೋರಾಗಿ ಉಸಿರೆಳೆದು ಹತ್ತು ಸೆಕೆಂಡ್ ಸುಮ್ಮನಾಗುತ್ತಿದ್ದ. ಎತ್ತರದಲ್ಲಿ ನಿದ್ದೆಯಲ್ಲಿ ಹೀಗಾಗುವುದು ಸಹಜ. ಗೊತ್ತಿದ್ದೂ ಪ್ರತಿ ಸಲ ನನ್ನ ಎದೆ ಧಸಕ್ಕೆಂದಿತು. ಬೆಳಗಿನ ಜಾವ ಅವನು ವಾಂತಿ ಮಾಡಿದ. ಟಾರ್ಚ್ ಬೆಳಕಿನಲ್ಲಿ ಟೆಂಟಿನ ಹಗ್ಗದ ಗುಂಟ ನಡೆಸಿದೆ. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗಿಸುತ್ತಾ ಹತ್ತು ಹೆಜ್ಜೆ. ಓಲಾಡದೆ ನಡೆದ. ಮೆದುಳಿನಲ್ಲಿ ಬಾವು ಬಂದಿಲ್ಲ ಅನ್ನುವ ಧೈರ್ಯ ಸಿಕ್ಕಿದ್ದು ಆ ಹತ್ತು ಹೆಜ್ಜೆಗಳಿಂದ. ಈ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಕುಡಿದವರ ಹಾಗೆ ತೂರಾಡಿದರೆ, ಮಾತು ತೊದಲಿದರೆ, ಬೆಳಗಾಗುವವರೆಗೆ ಕಾಯಬಾರದು. ಕೂತಲ್ಲೇ ಏದುಸಿರು, ಕೆಮ್ಮು, ಗುಲಾಬಿ ಬಣ್ಣದ ನೊರೆ ಬಂದರೂ ಅಷ್ಟೇ. ಆಮ್ಲಜನಕ ಕೊಡುತ್ತಾ ಕೆಳಗಿಳಿಸಬೇಕು.

ಆದರೆ ಇಳಿಯುವುದು ಎಲ್ಲಿಗೆ? ಸರ್ಚುವಿನ ಹಿಂದೆ ಬಾರಾಲಾಚಾ ಘಟ್ಟ, 4,890 ಮೀಟರ್. ಮುಂದೆ 5,000 ದಾಟುವ ಲಾಚುಂಗ್ ಲಾ. ಬೋಗುಣಿಯ ತಳದಲ್ಲಿ ಕೂತ ಹಾಗೆ. ಇಳಿಯಬೇಕಾದರೆ ಮೊದಲು ಹತ್ತಬೇಕು. ನಾವು ಬಾರಾಲಾಚಾ ದಾಟಿ ವಾಪಸ್ ಜಿಸ್ಪಾಕ್ಕೆ ಬಂದು ಎರಡು ದಿನ ಮಲಗಿದೆವು. ಪಾಂಗಾಂಗ್‌ನಲ್ಲೂ ಇದೇ ಕಥೆ. ರಾತ್ರಿ ಅಲ್ಲಿ ಹದಗೆಟ್ಟರೆ ಲೇಹ್‌ನ ಆಸ್ಪತ್ರೆಗೆ ಹತ್ತಿರದ ದಾರಿ 5,300 ಮೀಟರ್‌ಗೂ ಎತ್ತರದ ಚಾಂಗ್ ಲಾ ಮೇಲಿಂದ. ಕಾಗದದ ಮೇಲೆ ಇದು ಕಾಣುವುದಿಲ್ಲ. ನಾನು ರಾತ್ರಿಯ ಲೆಕ್ಕ ಕೇಳುವುದು ಇದಕ್ಕೇ. ಹಗಲು ಯಾವ ಘಟ್ಟ ದಾಟಿದರೂ ಅಲ್ಲಿ ಹತ್ತು ಹದಿನೈದು ನಿಮಿಷ ನಿಂತು, ಫೋಟೋ ತೆಗೆದು ಇಳಿಯುತ್ತೀರಿ. ಮಲಗಿದ ಜಾಗದಲ್ಲಿ ಎಂಟು ಹತ್ತು ಗಂಟೆ ಇರುತ್ತೀರಿ.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಬಿಡುವು ಬೇಕು ಅನ್ನುವುದು ಪರ್ವತ ವೈದ್ಯರ ಲೆಕ್ಕ. ವಿಮಾನದಲ್ಲಿ ಹೋದರೆ ಮೊದಲ ದಿನವೇ ಈ ನಿಯಮ ಮುರಿಯುತ್ತದೆ. ಸಮಯ ಇದ್ದವರಿಗೆ ಶ್ರೀನಗರದ ದಾರಿ ಹೇಳುತ್ತೇನೆ. ಶ್ರೀನಗರ 1,600, ಕಾರ್ಗಿಲ್ ಸುಮಾರು 2,700, ಆಮೇಲೆ ಲೇಹ್. ಹಿಮಾಚಲದ ಸ್ಪಿತಿಗೆ ಹೋಗುವವರೂ ಮನಾಲಿ ಬಿಟ್ಟು ಶಿಮ್ಲಾ, ಕಿನ್ನೌರ್ ಕಡೆಯಿಂದ ಹೋದರೆ ಏರು ನಿಧಾನ.

ಈಗ ಮಾತ್ರೆ. ಡಯಾಮಾಕ್ಸ್, ಅಂದರೆ ಅಸೆಟಾಜೋಲಮೈಡ್. ಕ್ಷಾರ ಹೊರಹಾಕುವ ಮೂತ್ರಪಿಂಡದ ಕೆಲಸವನ್ನು ಬೇಗ ಮಾಡಿಸುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ, ಮೂತ್ರದ ಕಲ್ಲು, ಬಸಿರು ಇದ್ದರೆ ಮೊದಲೇ ಹೇಳಿ. ಬೆರಳ ತುದಿ ಜುಮ್ಮೆನ್ನುತ್ತದೆ, ಸೋಡಾ ಚಪ್ಪೆಯಾಗುತ್ತದೆ, ಹೆದರಬೇಡಿ. ಮಾತ್ರೆ ನುಂಗಿದೆ ಅಂತ ಎರಡು ದಿನದ ಏರನ್ನು ಒಂದೇ ದಿನದಲ್ಲಿ ಏರಬೇಡಿ. ಕರ್ಪೂರ ಮೂಸುವುದರಿಂದ ಮೂಗಿಗೆ ಹಿತ, ರಕ್ತಕ್ಕೆ ಏನೂ ಇಲ್ಲ. ಅಂಗಡಿಯಲ್ಲಿ ಸಿಗುವ ಆಮ್ಲಜನಕದ ಡಬ್ಬಿ ಕೆಲವೇ ನಿಮಿಷ ಬರುತ್ತದೆ. ಗಾಡಿಯಲ್ಲಿ ದೊಡ್ಡ ಸಿಲಿಂಡರ್ ಇದೆಯೇ ನೋಡಿ.

ಕೋವಿಡ್ ಕಾಲದ ಆಕ್ಸಿಮೀಟರ್ ಹಿಡಿದು ಲೇಹ್‌ನಿಂದ ಫೋನ್ ಮಾಡುವವರಿದ್ದಾರೆ. "86 ತೋರಿಸ್ತಾ ಇದೆ!" ತಲೆನೋವಿಲ್ಲ, ಊಟ ಸೇರುತ್ತದೆ, ಮಾತಾಡುವಾಗ ದಮ್ಮು ಕಟ್ಟುತ್ತಿಲ್ಲ ಎಂದರೆ ಮೊದಲ ದಿನಗಳಲ್ಲಿ ಅಲ್ಲಿ 86 ಮಾಮೂಲಿ. ಹೊರಡುವ ವಾರ ಜ್ವರ, ನೆಗಡಿ, ಕಫ ಇದ್ದವರ ಬಗ್ಗೆಯೇ ನನಗೆ ಜಾಸ್ತಿ ಚಿಂತೆ, ಎದೆಯಲ್ಲಿ ನೀರು ತುಂಬುವ ಸಾಧ್ಯತೆ ಅವರಿಗೆ ಹೆಚ್ಚು. ಟಿಕೆಟ್ ಮುಂದೆ ಹಾಕಿ. ಇತ್ತೀಚೆಗೆ ಹೃದಯಾಘಾತ ಆದವರು, ತುಂಬಾ ರಕ್ತಹೀನತೆ ಇರುವವರು ನನ್ನ ಹತ್ತಿರ ಒಪ್ಪಿಗೆ ಕೇಳಲೇಬೇಡಿ, ಕೊಡುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಅದು ಹೆಪ್ಪುಗಟ್ಟದಂತೆ ಒಳಗಿನ ಜೇಬಿನಲ್ಲಿಡಿ.

ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆ ಬೀಳುವ ಊರು ಲೇಹ್. ಕಾರವಾರದಲ್ಲಿ ಜುಲೈಯ ಒಂದು ದಿನ ಅಷ್ಟು ಸುರಿಯುವುದುಂಟು. ಬೆವರಿದ್ದೇ ಗೊತ್ತಾಗುವುದಿಲ್ಲ, ತುಟಿ ಒಡೆದ ಮೇಲೆ ಬಾಯಾರಿಕೆ ನೆನಪಾಗುತ್ತದೆ. ಹಾಗಂತ ಬಿಂದಿಗೆಗಟ್ಟಲೆ ನೀರು ಕುಡಿಯಬೇಡಿ, ಮೂತ್ರ ತಿಳಿಯಾಗಿದ್ದರೆ ಸಾಕು. ತುಟಿಗೆಂದು ಒಯ್ದ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಕುಚ್ಚಲಕ್ಕಿ ಗಂಜಿಯ ಆಸೆ ಇದ್ದರೆ ಕುಕ್ಕರ್ ಬೇಕು, ಇಲ್ಲವಾದರೆ ಅವಲಕ್ಕಿ ಒಯ್ಯಿರಿ. ಮತ್ತೆ ಸಿಮ್: ಇಲ್ಲಿನ ಪ್ರೀಪೇಯ್ಡ್ ಅಲ್ಲಿ ನಡೆಯುವುದಿಲ್ಲ, ಗುಂಪಿನಲ್ಲಿ ಒಬ್ಬರದ್ದಾದರೂ ಪೋಸ್ಟ್‌ಪೇಯ್ಡ್ ಇರಲಿ.

ಅಂಕೋಲಾದವರು ಕಾಗದ ಹಿಂತಿರುಗಿಸಿ ಹೊಸದು ಮಾಡಿಸಿದರು. ಲೇಹ್ ಮೂರು ರಾತ್ರಿ, ಹುಂಡರ್ ಎರಡು, ಮತ್ತೆ ಲೇಹ್ ಒಂದು, ಕೊನೆಗೆ ಪಾಂಗಾಂಗ್ ಒಂದೇ ಒಂದು, ವಾಪಸ್. ಖರ್ಚು ಜಾಸ್ತಿ ಆಯಿತು. ಲಡಾಖ್‌ನ ಇನ್ನೊಂದು ಊರು ಹಾನ್ಲೆ ಹೊಸ ಕಾಗದದಲ್ಲೂ ಸೇರಲಿಲ್ಲ ಅಂತ ಗಂಡನಿಗೆ ಬೇಸರ, ನಕ್ಷತ್ರ ನೋಡಬೇಕಿತ್ತಂತೆ. ಅಲ್ಲಿನ ದೊಡ್ಡ ದೂರದರ್ಶಕವನ್ನು ವಿಜ್ಞಾನಿಗಳೇ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ ಎಂದೆ. ಸಮಾಧಾನ ಆಗಲಿಲ್ಲ. ಹುಂಡರ್‌ನಿಂದ ಆಕೆಯೇ ಫೋನ್ ಮಾಡಿದರು. ಇಬ್ಬರೂ ಆರಾಮು, ಎರಡು ಡುಬ್ಬದ ಒಂಟೆ ಹತ್ತಿದ್ದಾರೆ. ಆದರೆ ಎತ್ತರದಲ್ಲಿ ಹೊರಗಿನ ಒತ್ತಡ ಇಳಿದದ್ದಕ್ಕೆ ಅಪ್ಪೆಮಿಡಿ ಬಾಟಲಿಯ ಮುಚ್ಚಳ ಎದ್ದು, ಗಂಡನ ಸ್ವೆಟರ್ ಎಲ್ಲ ಉಪ್ಪಿನಕಾಯಿ.