ಗಾಳಿಸುದ್ದಿ ಯಾವ ಭಾಷೆಯಲ್ಲಿದೆ, ಉತ್ತರ ಯಾವ ಭಾಷೆಯಲ್ಲಿದೆ?

ಸಾರ್ವಜನಿಕ ಸಂಪರ್ಕದ (ಪಿಆರ್) ಕೆಲಸ ನನ್ನದು. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಹೋಟೆಲ್, ಕ್ಲಿನಿಕ್, ಶಾಲೆ, ಸೊಸೈಟಿಯವರು ನನಗೆ ಫೋನ್ ಮಾಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ವಾಟ್ಸ್‌ಆ್ಯಪ್‌ನಲ್ಲಿ ನಮ್ಮ ಬಗ್ಗೆ ಏನೋ ಹರಿದಾಡುತ್ತಿದೆ, ಏನು ಮಾಡೋಣ ಅಂತ. ನಾನು ಮೊದಲು ಕೇಳುವುದು, ಅದು ಯಾವ ಭಾಷೆಯಲ್ಲಿದೆ, ಯಾವ ಗ್ರೂಪಿನಲ್ಲಿ ಬಂತು ಎಂದು. ಬೇರೆ ಊರಿನಲ್ಲಿ ಈ ಪ್ರಶ್ನೆ ಬೇಕಾಗಲಿಕ್ಕಿಲ್ಲ. ಕಾಸರಗೋಡಿನಲ್ಲಿ ಅರ್ಧ ಕೆಲಸ ಇದರಲ್ಲೇ ಇದೆ.

ಇಲ್ಲಿ ಒಬ್ಬರೇ ವಾರ್ಡಿನ ಗ್ರೂಪಿನಲ್ಲಿ ಮಲಯಾಳ ಓದುತ್ತಾರೆ, ಅಡಿಕೆ ಕೃಷಿಕರ ಗ್ರೂಪಿನಲ್ಲಿ ಕನ್ನಡ ಓದುತ್ತಾರೆ, ಮನೆಯವರ ಗ್ರೂಪಿನಲ್ಲಿ ತುಳು ವಾಯ್ಸ್ ಕೇಳುತ್ತಾರೆ. ಗಲ್ಫಿನಲ್ಲಿರುವ ತಮ್ಮನಿಗೂ ಅದು ಅದೇ ಹೊತ್ತಿಗೆ ಸಿಗುತ್ತದೆ. ಅವನು ಗಾಬರಿಯಿಂದ ಊರಿಗೆ ಫೋನ್ ಮಾಡುತ್ತಾನೆ. ಒಂದು ಭಾಷೆಯಲ್ಲಿ ಸಂಶಯವಾಗಿ ಹೊರಟದ್ದು ಇನ್ನೊಂದಕ್ಕೆ ದಾಟುವಾಗ ನಡೆದೇ ಹೋದ ಸಂಗತಿಯಾಗಿರುತ್ತದೆ.

ಒಂದು ಸಣ್ಣ ಸಹಕಾರಿ ಸಂಘದ ವಿಷಯ ಹೇಳುತ್ತೇನೆ. ತ್ರಿಶೂರು ಜಿಲ್ಲೆಯ ಕರುವನ್ನೂರು ಸಹಕಾರಿ ಬ್ಯಾಂಕಿನ ಹಗರಣ 2021ರಲ್ಲಿ ಹೊರಗೆ ಬಂದ ಮೇಲೆ ಸೊಸೈಟಿಯಲ್ಲಿ ದುಡ್ಡಿಟ್ಟವರಿಗೆ ಒಳಗೊಳಗೇ ಹೆದರಿಕೆ ಇದೆ. ಇರುವುದು ಸಹಜ. ಈ ಸಂಘದಲ್ಲಿ ಒಬ್ಬರಿಗೆ ಠೇವಣಿ ವಾಪಸು ಕೊಡುವುದು ತಡವಾಯಿತು. ಕಾರಣ ಏನೂ ದೊಡ್ಡದಲ್ಲ, ನಾಮಿನಿಯ ಕಾಗದ ಸರಿ ಇರಲಿಲ್ಲ. ಅದರ ಮೇಲೆ ಮಲಯಾಳದಲ್ಲಿ ಒಂದು ವಾಯ್ಸ್ ಕ್ಲಿಪ್ ಹೊರಟಿತು. ಸಂಜೆಗೆ ಕನ್ನಡ ಗ್ರೂಪುಗಳಲ್ಲಿ ‘ಸೊಸೈಟಿ ಮುಳುಗಿದೆ’ ಎಂಬ ಬರಹ ಬಂತು. ಮರುದಿನ ಬಾಗಿಲು ತೆರೆಯುವ ಮೊದಲೇ ಜನ ನಿಂತಿದ್ದರು.

ಅಧ್ಯಕ್ಷರಿಗೆ ಪತ್ರಿಕೆಗೆ ಹೇಳಿಕೆ ಕೊಡಬೇಕು, ವಕೀಲರಿಂದ ನೋಟಿಸ್ ಕಳಿಸಬೇಕು ಅಂತ ಇತ್ತು. ಪತ್ರಿಕೆ ಬರುವುದು ನಾಳೆ, ಜನ ನಿಂತಿರುವುದು ಇವತ್ತು. ಸೆಕ್ರೆಟರಿ ತಮ್ಮ ಹೆಸರು ಹೇಳಿ ಒಂದು ನಿಮಿಷದೊಳಗಿನ ವಾಯ್ಸ್ ಮಾಡಿದರು. ಮಲಯಾಳ, ಕನ್ನಡ, ತುಳು ಮೂರರಲ್ಲೂ. ಏನಾಯಿತು, ಯಾಕೆ ತಡವಾಯಿತು, ಯಾವಾಗ ಕೊಡುತ್ತೇವೆ, ಇಷ್ಟೇ. ಕೌಂಟರಿನಲ್ಲಿ ಕೇಳಿದವರಿಗೆ ದುಡ್ಡು ಕೊಡುತ್ತಾ ಹೋದರು. ಜಾಸ್ತಿ ದೂರ ಹೋದದ್ದು ತುಳು ವಾಯ್ಸ್. ಪರಿಚಯದ ದನಿ, ಮನೆಮಾತು. ಕೇಳಿದವರು ತಾವಾಗಿಯೇ ಮುಂದೆ ಕಳಿಸಿದರು.

ಅವತ್ತು ಒಂದು ಮಾತನ್ನು ನಾನು ತಡೆದೆ. ‘ನಿಮ್ಮ ದುಡ್ಡಿಗೆ ರಿಸರ್ವ್ ಬ್ಯಾಂಕಿನ ಗ್ಯಾರಂಟಿ ಇದೆ’ ಎಂದು ಹೇಳಿಬಿಡೋಣ ಎಂದು ಒಬ್ಬ ನಿರ್ದೇಶಕರು ಹೇಳಿದರು. 5 ಲಕ್ಷ ರೂಪಾಯಿವರೆಗಿನ ಆ ಠೇವಣಿ ವಿಮೆ ಬ್ಯಾಂಕುಗಳಿಗೆ ಇರುವುದು. ಪ್ರಾಥಮಿಕ ಸಹಕಾರಿ ಸಂಘಗಳಿಗೆ ಅದು ಇಲ್ಲ. ಸಮಾಧಾನ ಮಾಡಲು ಹೇಳಿದ ಒಂದು ಸುಳ್ಳು ಸಿಕ್ಕಿಬಿದ್ದರೆ ಆಮೇಲೆ ನಿಜ ಹೇಳಿದರೂ ಯಾರು ನಂಬುತ್ತಾರೆ?

ನಮ್ಮ ಪಿಆರ್ ವೃತ್ತಿ ಬೆಳೆದದ್ದೂ ಇಂಥದ್ದೇ ಹೊತ್ತಿನಲ್ಲಿ. 1906ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ರೈಲು ಸೇತುವೆಯಿಂದ ನೀರಿಗೆ ಬಿತ್ತು. ಐವಿ ಲೀ ಎಂಬವರು ರೈಲ್ವೆ ಕಂಪನಿಯ ಪರವಾಗಿ, ತಿಳಿದದ್ದನ್ನು ತಾವೇ ಬರೆದು ಪತ್ರಿಕೆಗಳಿಗೆ ಕೊಟ್ಟರು. ಮುಚ್ಚಿಡುವುದೇ ರೂಢಿಯಾಗಿದ್ದ ಕಾಲ ಅದು. ಪ್ರೆಸ್ ನೋಟಿನ ಚರಿತ್ರೆಯನ್ನು ಅಲ್ಲಿಂದಲೇ ಹೇಳುತ್ತಾರೆ.

ವಕೀಲರ ನೋಟಿಸಿನ ವಿಷಯಕ್ಕೆ ಬರುತ್ತೇನೆ. 2003ರಲ್ಲಿ ಗಾಯಕಿ ಬಾರ್ಬ್ರಾ ಸ್ಟ್ರೈಸೆಂಡ್ ತನ್ನ ಮನೆಯ ಒಂದು ಫೋಟೊ ಇಂಟರ್ನೆಟ್‌ನಲ್ಲಿ ಇರಬಾರದೆಂದು 5 ಕೋಟಿ ಡಾಲರ್‌ಗೆ ಕೇಸು ಹಾಕಿದರು. ಅದುವರೆಗೆ ಆ ಫೋಟೊವನ್ನು ಇಳಿಸಿಕೊಂಡದ್ದು 6 ಸಲ ಮಾತ್ರ. ಕೇಸಿನ ಸುದ್ದಿ ಹಬ್ಬಿದ ಮೇಲೆ ಒಂದೇ ತಿಂಗಳಲ್ಲಿ 4 ಲಕ್ಷಕ್ಕೂ ಹೆಚ್ಚು ಮಂದಿ ನೋಡಲು ಬಂದರು. ನಮ್ಮಲ್ಲೂ ಹಾಗೆಯೇ. ನೋಟಿಸ್ ಸಿಕ್ಕಿದವನು ಅದರ ಫೋಟೊ ಹಿಡಿದು ಗ್ರೂಪಿಗೆ ಹಾಕುತ್ತಾನೆ. ಪೊಲೀಸ್ ಕಂಪ್ಲೇಂಟ್ ಕೊಟ್ಟರೆ ಒಳಗೆ ಹಾಕುತ್ತಾರೆ ಎಂದುಕೊಂಡವರೂ ಇದ್ದಾರೆ. ಆನ್‌ಲೈನಿನಲ್ಲಿ ಹಾಕಿದ ಬರಹಕ್ಕೆ ಜೈಲಿಗೆ ಹಾಕಲು ಇದ್ದ ಐಟಿ ಕಾಯ್ದೆಯ 66ಎ ಸೆಕ್ಷನನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ. ಅದೇ ತೀರ್ಪಿನಲ್ಲಿ ಕೇರಳ ಪೊಲೀಸ್ ಕಾಯ್ದೆಯ ಅಂಥದ್ದೇ ಸೆಕ್ಷನ್ 118(ಡಿ)ಯೂ ಹೋಯಿತು. 2020ರ ನವೆಂಬರ್‌ನಲ್ಲಿ ಕೇರಳ ಸರಕಾರ ಅದೇ ಕಾಯ್ದೆಗೆ 118ಎ ಎಂಬ ಹೊಸ ಸೆಕ್ಷನ್ ತಂದು, ವಿರೋಧ ಬಂದಾಗ ಕೆಲವೇ ದಿನಗಳಲ್ಲಿ ಹಿಂದೆ ತೆಗೆದುಕೊಂಡಿತು. ಮಾನನಷ್ಟದ ದಾರಿ ಇದೆ, ಬೇಕಾದಲ್ಲಿ ಹಿಡಿಯಬೇಕು. ಆದರೆ ಅದು ನಿಧಾನದ ದಾರಿ.

ಗೂಗಲ್ ರಿವ್ಯೂ ಬಗ್ಗೆಯೂ ತುಂಬಾ ಕೇಳುತ್ತಾರೆ. ಒಂದು ಸ್ಟಾರ್ ಬಿದ್ದ ಕೂಡಲೇ ಅಳಿಸಿಕೊಡಿ ಎನ್ನುತ್ತಾರೆ. ಬೈಗುಳ, ಸ್ಪ್ಯಾಮ್, ಬೇರೆ ಅಂಗಡಿಯ ವಿಷಯ ಇದ್ದರೆ ದೂರು ಕೊಡಬಹುದು. ಊಟ ತಣ್ಣಗಿತ್ತೋ ಬಿಸಿ ಇತ್ತೋ ಎಂಬ ಜಗಳದಲ್ಲಿ ಗೂಗಲ್ ಪಂಚಾಯಿತಿಕೆಗೆ ಕೂರುವುದಿಲ್ಲ. ಅಲ್ಲಿ ನಿಮ್ಮ ಉತ್ತರವೇ ಗತಿ. ಮಲಯಾಳದಲ್ಲಿ ಬರೆದವರಿಗೆ ಮಲಯಾಳದಲ್ಲಿ, ಕನ್ನಡದಲ್ಲಿ ಬರೆದವರಿಗೆ ಕನ್ನಡದಲ್ಲಿ ಉತ್ತರಿಸಿ. ಎಲ್ಲರಿಗೂ ಒಂದೇ ಇಂಗ್ಲಿಷ್ ಸಾಲು ಅಂಟಿಸಿದರೆ ಓದಿಯೇ ಇಲ್ಲ ಅಂತ ಗೊತ್ತಾಗುತ್ತದೆ, ಅಲ್ವಾ? ಡಾಕ್ಟರುಗಳಿಗೆ ಇನ್ನೊಂದು ಮಾತು. ಎಷ್ಟೇ ಸಿಟ್ಟು ಬಂದರೂ ರೋಗಿಯ ಕಾಯಿಲೆಯ ವಿವರ ಉತ್ತರದಲ್ಲಿ ಬರಬಾರದು. ದುಡ್ಡು ಕೊಟ್ಟು ಐದು ಸ್ಟಾರ್ ಹಾಕಿಸುವ ಕೆಲಸ ನಾನು ಮಾಡುವುದಿಲ್ಲ. ಗೂಗಲ್ ನಿಯಮದಲ್ಲೂ ಅದು ತಪ್ಪೇ.

ದೂರು ನಿಜವಾಗಿದ್ದರೆ ದಾರಿ ಬೇರೆ. 2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳು. ಹಲವರು ಆಸ್ಪತ್ರೆ ಸೇರಿದರು. ಅಂಥದ್ದಕ್ಕೆ ಯಾವ ಹೇಳಿಕೆಯೂ ಔಷಧಿಯಲ್ಲ. ಅಡುಗೆಮನೆಯಲ್ಲಿ ತಪ್ಪಿದೆ ಅಂತ ಗೊತ್ತಾದರೆ ಮೊದಲು ಹೋಟೆಲ್ ಮುಚ್ಚಿ. ಉಣ್ಣಲು ಬಂದವರಿಗೆ ವಿಷಯ ತಿಳಿಸಿ. ಆಹಾರ ಸುರಕ್ಷತಾ ಇಲಾಖೆಗೆ ನೀವೇ ಹೇಳಿ. ಆಮೇಲೆ ನನಗೆ ಫೋನ್ ಮಾಡಿ.

ಏನೂ ಇಲ್ಲದ ದಿನವೇ ಮಾಡಿಡಬೇಕಾದ ಕೆಲಸವೂ ಒಂದಿದೆ. ನಿಮ್ಮ ಗಿರಾಕಿಗಳು ಯಾವ ಯಾವ ಗ್ರೂಪಿನಲ್ಲಿದ್ದಾರೆ, ಅದರ ಅಡ್ಮಿನ್ ಯಾರು, ಅಲ್ಲಿ ಯಾವ ಭಾಷೆ ನಡೆಯುತ್ತದೆ ಎಂದು ಒಂದು ಪುಟದಲ್ಲಿ ಬರೆದಿಡಿ. ಆ ಅಡ್ಮಿನ್‌ಗಳಿಗೆ ನಿಮ್ಮ ನಂಬರ್ ಕೊಟ್ಟಿರಿ. ಏನಾದರೂ ಬಂದರೆ ಹಾಕುವ ಮೊದಲು ಒಂದು ಫೋನ್ ಮಾಡಿ ಎಂದು ಕೇಳಿಕೊಳ್ಳಿ. ಹೆಚ್ಚಿನವರು ಮಾಡುತ್ತಾರೆ.