ಕೆರೆ ತೂಬು ಯಾರ ಕೈಯಲ್ಲಿ?

ಮಳೆ ಕೊಯ್ಲು ಅಂದ ತಕ್ಷಣ ಎಲ್ಲರಿಗೂ ಹೊಂಡ ತೋಡುವುದು, ಕಟ್ಟೆ ಹಾಕುವುದು ನೆನಪಾಗುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬೀಳುವ ಬಯಲುಸೀಮೆಯಲ್ಲೂ ಒಂದು ಎಕರೆ ಮೇಲೆ ಸುಮಾರು 24 ಲಕ್ಷ ಲೀಟರ್ ನೀರು ಸುರಿಯುತ್ತದೆ. ಅದರಲ್ಲಿ ಒಂದು ಪಾಲು ಹಿಡಿದಿಡುವುದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಹಿಡಿದ ನೀರನ್ನು ಊರಿನವರೆಲ್ಲ ಹೇಗೆ ಹಂಚಿಕೊಳ್ಳಬೇಕು ಅನ್ನುವುದೇ ಕಷ್ಟದ ಪ್ರಶ್ನೆ. ನಮ್ಮ ಕೆರೆಗಳು ಏಳುಬೀಳು ಕಂಡಿದ್ದೆಲ್ಲ ಈ ಪ್ರಶ್ನೆಯ ಸುತ್ತಲೇ ಅಂತ ನನಗನ್ನಿಸುತ್ತದೆ.

ಕರ್ನಾಟಕದಲ್ಲಿ 36 ಸಾವಿರಕ್ಕೂ ಜಾಸ್ತಿ ಕೆರೆಗಳಿವೆ. ಇವು ಒಂಟಿ ಕೆರೆಗಳಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ, ಹೀಗೆ ಸರಪಳಿ. ದೊಡ್ಡ ನದಿ ಇಲ್ಲದ ಕೋಲಾರದಂಥ ಸೀಮೆ ಭತ್ತ ಬೆಳೆದದ್ದು ಇದರಿಂದಲೇ. ಕೆರೆ ಕಟ್ಟಿಸಿದವರಿಗೆ ಭೂಮಿ ಬಿಟ್ಟುಕೊಡುತ್ತಿದ್ದರು, ಅದಕ್ಕೆ ಕಟ್ಟುಕೊಡಗೆ ಅಂತ ಹೆಸರು. ಕೆರೆ ನೋಡಿಕೊಳ್ಳಲು ಬಿಟ್ಟ ದತ್ತಿಗೆ ಬಿತ್ತುವಟ್ಟ. ಶಾಸನಗಳಲ್ಲಿ ಈ ಮಾತುಗಳು ಮತ್ತೆ ಮತ್ತೆ ಬರುತ್ತವೆ.

ತೂಬು ಅಂದರೆ ಕೆರೆಯಿಂದ ಗದ್ದೆಗೆ ನೀರು ಬಿಡುವ ಬಾಗಿಲು. ಅದನ್ನು ತೆಗೆಯುವವನು ನೀರುಗಂಟಿ. ಯಾವ ಗದ್ದೆಗೆ ಯಾವಾಗ, ಎಷ್ಟು ನೀರು ಅನ್ನುವುದೆಲ್ಲ ಅವನ ತಲೆಯಲ್ಲಿ. ಗೌಡನ ಗದ್ದೆಗೂ ಬಡವನ ಗದ್ದೆಗೂ ಅವನೇ ನೀರು ಕಟ್ಟಬೇಕು, ರೈತರು ತಾವೇ ಮಡೆ ಮುರಿಯುವ ಹಾಗಿಲ್ಲ. ಮಳೆ ಕಮ್ಮಿಯಾದ ವರ್ಷ ಊರವರು ಏರಿ ಮೇಲೆ ಸೇರಿ, ಅಚ್ಚುಕಟ್ಟಿನಲ್ಲಿ, ಅಂದರೆ ಕೆರೆ ನೀರು ಹರಿಯುವ ಗದ್ದೆಗಳಲ್ಲಿ, ತೂಬಿಗೆ ಹತ್ತಿರದ ಇಷ್ಟು ಜಾಗಕ್ಕೆ ಮಾತ್ರ ನೀರು ಅಂತ ತೀರ್ಮಾನ ಮಾಡುತ್ತಿದ್ದರು, ಆದರೆ ಆ ಜಾಗವನ್ನು ಎಲ್ಲರಿಗೂ ಅವರವರ ಹಿಡುವಳಿಗೆ ತಕ್ಕಂತೆ ತುಂಡು ಮಾಡಿ ಕೊಡುತ್ತಿದ್ದರು. ಇದಕ್ಕೆ ಕೋಲಾರದ ಕಡೆ ದಾಮಾಷಾ ಅನ್ನುತ್ತಿದ್ದರು. ಎಂಥ ಒಳ್ಳೆಯ ಯೋಚನೆ ನೋಡಿ! ಬೇಸಿಗೆಯಲ್ಲಿ ಕೆರೆಗೋಡು ತುಂಬಿದ ಗಾಡಿಗಳು ಹೊಲಕ್ಕೆ ಹೋಗುತ್ತಿದ್ದವು, ಕೆರೆಯ ಹೂಳೂ ಕಡಿಮೆಯಾಗುತ್ತಿತ್ತು, ಹೊಲಕ್ಕೂ ಸಾರ ಸೇರುತ್ತಿತ್ತು. ನಾಟಿಗೆ, ಕಳೆಗೆ ಮುಯ್ಯಾಳು, ಅಂದರೆ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು.

ಹಾಗಂತ ಅದನ್ನೆಲ್ಲ ಸುಮ್ನೆ ಹೊಗಳಲು ನನ್ನಿಂದ ಆಗುವುದಿಲ್ಲ. ನೀರುಗಂಟಿ ಕೆಲಸ ವಂಶದಿಂದ ಬರುತ್ತಿತ್ತು, ಅದನ್ನು ಮಾಡುತ್ತಿದ್ದವರು ಹೆಚ್ಚಾಗಿ ದಲಿತರು. ನೀರು ಹಂಚುವವನಿಗೆ ಊರ ಬಾವಿಯ ನೀರು ಮುಟ್ಟುವ ಹಕ್ಕಿರಲಿಲ್ಲ. ಭೂಮಿ ಇಲ್ಲದವನಿಗೆ ಕೆರೆ ನೀರಿನಲ್ಲಿ ಪಾಲೂ ಇರಲಿಲ್ಲ.

1856ರಲ್ಲಿ ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆ ಶುರುವಾಯಿತು. ದೊಡ್ಡ ರಿಪೇರಿ ನಿಧಾನವಾಗಿ ಇಲಾಖೆಯ ಪಾಲಾಯಿತು. ಸಣ್ಣಪುಟ್ಟದ್ದು ಊರಿನವರದ್ದು ಅಂತ ಹೇಳಿದರೂ, ಕೆರೆ ಸರ್ಕಾರದ್ದು ಅನ್ನುವ ಭಾವನೆ ಬಂದ ಮೇಲೆ ಹೂಳೆತ್ತುವವರು ಯಾರು? ಸ್ವಾತಂತ್ರ್ಯದ ನಂತರ, 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ತೋಟಿ, ತಳವಾರ, ನೀರುಗಂಟಿಯಂಥ ವಂಶಪಾರಂಪರ್ಯದ ಹುದ್ದೆಗಳು ಹೋದವು. ಹೋಗಬೇಕಾದದ್ದೇ. ಆದರೆ ಆ ಕೆಲಸವನ್ನು ಸಂಬಳ ಕೊಟ್ಟು, ಮರ್ಯಾದೆಯಿಂದ ಮಾಡಿಸುವ ಏರ್ಪಾಡು ಹೆಚ್ಚಿನ ಊರುಗಳಲ್ಲಿ ಬರಲೇ ಇಲ್ಲ. ಆಮೇಲೆ ಬೋರ್‌ವೆಲ್ ಬಂತು, ಪಂಪ್‌ಸೆಟ್‌ಗೆ ಉಚಿತ ಕರೆಂಟ್ ಬಂತು. ಪಕ್ಕದ ಗದ್ದೆಯವನನ್ನು ಕೇಳದೆ ನೀರು ಎತ್ತಬಹುದು ಅಂತಾದ ಮೇಲೆ ಏರಿ ಮೇಲೆ ಸಭೆ ಸೇರುವ ಅಗತ್ಯ ಯಾರಿಗಿತ್ತು? ಕೋಲಾರದಲ್ಲಿ ಈಗ ಸಾವಿರ ಅಡಿ ದಾಟಿ ಕೊರೆಯುತ್ತಾರೆ.

ಹಳೆಯ ಹಂಚಿಕೆಯ ತಪ್ಪನ್ನು ತಿದ್ದಲು ಹೊರಟ ಒಂದು ಪ್ರಯತ್ನ ಮಹಾರಾಷ್ಟ್ರದಲ್ಲಿ ನಡೆಯಿತು. 1972ರ ಬರ ನೋಡಿದ ಎಂಜಿನಿಯರ್ ವಿಲಾಸರಾವ್ ಸಾಳುಂಖೆ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನಲ್ಲಿ ಪಾನಿ ಪಂಚಾಯತ್ ಕಟ್ಟಿದರು. ಅಲ್ಲಿ ನೀರಿನ ಲೆಕ್ಕ ಎಕರೆಗಲ್ಲ, ತಲೆಗೆ. ಒಬ್ಬರಿಗೆ ಅರ್ಧ ಎಕರೆಗೆ ಆಗುವಷ್ಟು, ಒಂದು ಮನೆಗೆ ಎರಡೂವರೆ ಎಕರೆ ಮೀರುವಂತಿಲ್ಲ. ಭೂಮಿ ಇಲ್ಲದವರಿಗೂ ಪಾಲು. ಭೂಮಿ ಮಾರಿದರೆ ನೀರಿನ ಹಕ್ಕು ಜೊತೆಗೆ ಹೋಗುವುದಿಲ್ಲ. ಕಬ್ಬು ಬೆಳೆಯುವಂತಿಲ್ಲ. ಕಬ್ಬಿಗೆ ಬೇಡ ಅನ್ನುವುದು ಮಹಾರಾಷ್ಟ್ರದಲ್ಲಿ ಎಷ್ಟು ಕಷ್ಟದ ಮಾತು ಅಲ್ವಾ! ಆದರೂ ಜನ ಒಪ್ಪಿದರು, ಕೈಯಿಂದ ಹಣವನ್ನೂ ಹಾಕಿದರು. ಆಮೇಲೆ ಅಹಮದ್‌ನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ಹಿವ್ರೆ ಬಜಾರ್ ಅನ್ನುವ ಊರು ಕೂಡ ಬೇಸಾಯಕ್ಕೆ ಬೋರ್ ಕೊರೆಯುವುದನ್ನು ನಿಲ್ಲಿಸಿತು. ಆ ವರ್ಷ ಬಿದ್ದ ಮಳೆ ಅಳೆದು, ಯಾವ ಬೆಳೆ ಇಡಬೇಕು ಅಂತ ಗ್ರಾಮಸಭೆಯಲ್ಲೇ ತೀರ್ಮಾನಿಸುವುದು ಅಲ್ಲಿ ರೂಢಿಯಾಯಿತು.

ನಮ್ಮಲ್ಲಿ 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಜಲ ಸಂವರ್ಧನೆ ಯೋಜನೆ ಬಂತು, ಕೆರೆಗಳನ್ನು ಮತ್ತೆ ಬಳಕೆದಾರರ ಸಂಘಗಳಿಗೆ ಒಪ್ಪಿಸುವುದು ಅದರ ಉದ್ದೇಶ. ಹೂಳೆತ್ತಿದರು, ಏರಿ ಗಟ್ಟಿ ಮಾಡಿದರು. ಆದರೆ ಅಷ್ಟರಲ್ಲಿ ಎಷ್ಟೋ ಊರುಗಳಲ್ಲಿ ತೂಬನ್ನೇ ಮುಚ್ಚಿಬಿಟ್ಟಿದ್ದರು, ಅಂತರ್ಜಲ ಏರಲಿ, ಬೋರ್‌ಗಳಿಗೆ ನೀರು ಬರಲಿ ಅಂತ. ಕೆರೆ ತುಂಬಿದರೆ ಖುಷಿಯೇ. ಆದರೆ ಆ ನೀರು ಸಿಗುವುದು ಬೋರ್ ಕೊರೆಸಲು ಲಕ್ಷಗಟ್ಟಲೆ ಸಾಲ ಹುಟ್ಟುವವನಿಗೆ. ನೆಲದೊಳಗಿನ ನೀರಿಗೆ ತೂಬೂ ಇಲ್ಲ, ನೀರುಗಂಟಿಯೂ ಇಲ್ಲ.

ಪಕ್ಕದ ಅನಂತಪುರ ಜಿಲ್ಲೆಯ ಕೆಲವು ಊರುಗಳು ಇದಕ್ಕೂ ಒಂದು ದಾರಿ ಹುಡುಕಿವೆ. ಬೋರ್ ಇದ್ದವರೂ ಇಲ್ಲದವರೂ ಸೇರಿ ಗುಂಪು ಮಾಡಿಕೊಂಡು, ಬೋರ್‌ಗಳನ್ನೆಲ್ಲ ಒಂದೇ ಪೈಪ್‌ಲೈನ್‌ಗೆ ಜೋಡಿಸಿ, ಬೆಳೆ ಒಣಗುವ ಹೊತ್ತಿಗೆ ಎಲ್ಲರ ಹೊಲಕ್ಕೂ ಒಂದೆರಡು ಸಲ ನೀರು ಕೊಡುತ್ತಾರೆ. ಅದಕ್ಕೆ ಬದಲಾಗಿ ಗುಂಪಿನವರು ಬರೆದುಕೊಟ್ಟ ಮಾತು: ಹತ್ತು ವರ್ಷ ಯಾರೂ ಹೊಸ ಬೋರ್ ಕೊರೆಸುವುದಿಲ್ಲ.