ಗಂಟಲಿಗೆ ಚುರ್ ಎನ್ನುವ ಎಣ್ಣೆ

ಹುಬ್ಬಳ್ಳಿ ಕಡೆ ಆಲಿವ್ ಎಣ್ಣೆ ಅಂದರೆ ಬಹಳ ಕಾಲ ಮೆಡಿಕಲ್ ಶಾಪಿನ ಪುಟ್ಟ ಡಬ್ಬಿಯೇ. ಕೂಸಿನ ಮೈಗೆ ಹಚ್ಚಿ ತಿಕ್ಕಲು ಒಯ್ಯುತ್ತಿದ್ದರು. ಈಗ ಅದು ಅಡುಗೆ ಎಣ್ಣೆಗಳ ಸಾಲಿಗೆ ಬಂದಿದೆ. ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಗದಗ, ಹಾವೇರಿಯಿಂದ ಪೇಶಂಟ್ ಕರೆತಂದವರೂ ಅದನ್ನು ಕೇಳುವುದುಂಟು. "ದಿನಾ ಎರಡ ಚಮಚ ಕುಡಿಸಿದ್ರ ಗಡ್ಡಿ ಕರಗತದಂತ್ರೀ, ಹೌದೇನ್ರೀ?"

ವಾಟ್ಸಾಪಿನಲ್ಲಿ ಓಡಾಡುವ ಈ ಸುದ್ದಿ ಪೂರ್ತಿ ಸುಳ್ಳಾಗಿದ್ದರೆ ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಇದು ಅರ್ಧ ನಿಜ. ಅದೇ ಪೇಚು.

ಒಳ್ಳೆಯ ಎಕ್ಸ್‌ಟ್ರಾ ವರ್ಜಿನ್, ಅಂದರೆ ರಿಫೈನ್ ಮಾಡದೆ ಕಾಯಿಂದ ನೇರ ತೆಗೆದ ಆಲಿವ್ ಎಣ್ಣೆಯನ್ನು ಒಂದು ಚಮಚ ಹಾಗೇ ನುಂಗಿ ನೋಡಿ. ನಾಲಿಗೆಗೆ ಅಷ್ಟೇನೂ ಗೊತ್ತಾಗುವುದಿಲ್ಲ. ತುಸು ಹೊತ್ತಿಗೆ ಗಂಟಲ ಹಿಂಭಾಗ ಚುರ್ ಎನ್ನುತ್ತದೆ, ಕೆಮ್ಮು ಬರುತ್ತದೆ. ಮಿರ್ಚಿ ಭಜಿಯ ಖಾರ ಬಾಯಿ ತುಂಬ ಹರಡಿದರೆ ಇದು ಗಂಟಲಲ್ಲೇ ಕೂರುತ್ತದೆ. ರುಚಿ, ವಾಸನೆಗಳ ಸಂಶೋಧನೆ ಮಾಡುವ ಅಮೆರಿಕದ ಮೊನೆಲ್ ಸಂಸ್ಥೆಯ ವಿಜ್ಞಾನಿಯೊಬ್ಬರು ಇಟಲಿಯಲ್ಲಿ ಈ ಎಣ್ಣೆ ರುಚಿ ನೋಡಿದಾಗ, ನೋವಿನ ಔಷಧಿ ಐಬುಪ್ರೊಫೇನನ್ನು ದ್ರವರೂಪದಲ್ಲಿ ನುಂಗಿದರೂ ಗಂಟಲು ಹೀಗೇ ಉರಿಯುತ್ತದಲ್ಲ ಎಂದು ಅವರಿಗೆ ಹೊಳೆಯಿತು. ಆ ಜಾಡು ಹಿಡಿದು ಸಿಕ್ಕ ರಾಸಾಯನಿಕಕ್ಕೆ ಓಲಿಯೋಕ್ಯಾಂಥಾಲ್ ಎಂದು ಹೆಸರಿಟ್ಟು 2005ರಲ್ಲಿ ಪ್ರಕಟಿಸಿದರು. ಉರಿಯೂತ ಎಬ್ಬಿಸುವ ಕಿಣ್ವಗಳನ್ನು ಐಬುಪ್ರೊಫೇನ್ ತಡೆಯುವಂತೆ ಇದೂ ತಡೆಯುತ್ತದೆ.

2015ರಲ್ಲಿ ಅಮೆರಿಕದ ಇನ್ನೊಂದು ತಂಡ ಇದನ್ನು ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡಿತು. ಬಹುತೇಕ ಎಲ್ಲ ಕೋಶಗಳೊಳಗೂ ಕಸ ಅರಗಿಸುವ ಕಿಣ್ವಗಳಿರುವ ಸಣ್ಣ ಚೀಲಗಳಿರುತ್ತವೆ, ಲೈಸೋಸೋಮ್ ಅಂತ. ಓಲಿಯೋಕ್ಯಾಂಥಾಲ್ ಆ ಚೀಲಗಳನ್ನು ಹರಿಯಿತು. ಕೋಶ ತನ್ನದೇ ಕಿಣ್ವಗಳಿಂದ ಒಂದು ಗಂಟೆಯೊಳಗೆ ಸತ್ತಿತು. ಮಾಮೂಲಿ ಕೋಶಗಳು ಉಳಿದುಕೊಂಡವು. ಕುತೂಹಲದ ಸಂಗತಿಯೇ, ಅಲ್ವಾ?

ಆದರೆ ಇದೆಲ್ಲ ನಡೆದದ್ದು ಗಾಜಿನ ತಟ್ಟೆಯಲ್ಲಿ. ಅಲ್ಲಿ ಬಳಸಿದ ಪ್ರಮಾಣ ಲೀಟರಿಗೆ ಸುಮಾರು 6 ಮಿಲಿಗ್ರಾಂ. ನಮ್ಮ ಮೈಯಲ್ಲಿ ಹೆಚ್ಚುಕಡಿಮೆ 5 ಲೀಟರ್ ರಕ್ತ. ಅಂದರೆ ರಕ್ತಕ್ಕೇ 30 ಮಿಲಿಗ್ರಾಂ ಬೇಕು. ಎರಡು ಚಮಚ ಒಳ್ಳೆಯ ಎಣ್ಣೆಯಲ್ಲಿ ಇರುವುದು ಕೆಲವೇ ಮಿಲಿಗ್ರಾಂ. ಅದರಲ್ಲೂ ಬಹುಪಾಲನ್ನು ಕರುಳು, ಯಕೃತ್ತು ದಾರಿಯಲ್ಲೇ ಬೇರೆ ರೂಪಕ್ಕೆ ತಿರುಗಿಸಿಬಿಡುತ್ತವೆ. ಗಡ್ಡೆಯವರೆಗೆ ಹೋಗುವುದು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಗಿಡದಿಂದ ಕ್ಯಾನ್ಸರ್ ಔಷಧಿ ಬರುವುದಿಲ್ಲ ಅಂತಲ್ಲ. ಅಂಗಳದ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತಕ್ಯಾನ್ಸರಿಗೆ ಇವತ್ತಿಗೂ ಮುಖ್ಯ ಮದ್ದು. ಆದರೆ ಅದನ್ನು ಶುದ್ಧ ಮಾಡಿ, ಅಳೆದು, ನೇರ ರಕ್ತನಾಳಕ್ಕೆ ಕೊಡುತ್ತಾರೆ. ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸುವುದಿಲ್ಲ. ಆ ಗಿಡದ ಎಲೆಯನ್ನು ಮನೆಯಲ್ಲಿ ಅರೆದು ಕುಡಿಸಿದರೆ ವಿಷ.

ಜನರ ಮೇಲೆ ನಡೆದ ಪ್ರಯೋಗವೂ ಉಂಟು. ಸ್ಪೇನಿನಲ್ಲಿ ಒಂದು ಗುಂಪಿಗೆ ವಾರಕ್ಕೆ ಮನೆಗೆ 1 ಲೀಟರ್ ಎಕ್ಸ್‌ಟ್ರಾ ವರ್ಜಿನ್ ಎಣ್ಣೆ ಕೊಟ್ಟಿದ್ದರು. ಆ ಗುಂಪಿನ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಕಮ್ಮಿ ಕಂಡಿತು ಎಂದು 2015ರ ವರದಿ ಹೇಳಿತು. ಎಲ್ಲ ಗುಂಪು ಸೇರಿ ನಾಲ್ಕು ಸಾವಿರಕ್ಕೂ ಜಾಸ್ತಿ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಂದದ್ದೇ ಒಟ್ಟು 35 ಮಂದಿಗೆ. ಇಷ್ಟು ಸಣ್ಣ ಸಂಖ್ಯೆ ಮೇಲೆ ನಾನಂತೂ ದೊಡ್ಡ ಮಾತು ಆಡಲಾರೆ. ಮೇಲಾಗಿ ಅದು ರೋಗ ಬಾರದಂತೆ ತಡೆಯುವ ವಿಷಯ, ಬಂದದ್ದನ್ನು ವಾಸಿಮಾಡುವುದಲ್ಲ.

ನನಗೆ ಭಯ ಎಣ್ಣೆಯದ್ದಲ್ಲ, ಆಲಿವ್ ಸತ್ವದ ಹೆಸರಿನಲ್ಲಿ ಮಾರುವ ಕ್ಯಾಪ್ಸೂಲ್‌ಗಳದ್ದು. ಸಸ್ಯದ್ದು ಅಂದಮೇಲೆ ಸೌಮ್ಯ ಅಂದುಕೊಳ್ಳಬೇಡಿ. ಗ್ರೀನ್ ಟೀಯ ಮುಖ್ಯ ಸತ್ವ ಬೋರ್ಟೆಜೊಮಿಬ್ ಎಂಬ ಕ್ಯಾನ್ಸರ್ ಔಷಧಿಗೇ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತದೆಂದು 2009ರಲ್ಲಿ ಪ್ರಯೋಗಾಲಯದಲ್ಲಿ ಗೊತ್ತಾಯಿತು. ಹಾಗಾಗಿ ಏನೇ ಗುಳಿಗೆ, ಕಷಾಯ ಕೊಡುತ್ತಿದ್ದರೂ ಡಾಕ್ಟರ ಮುಂದೆ ಮುಚ್ಚಿಡಬೇಡಿ. ಬೈದಾರು, ಬೈಸಿಕೊಳ್ಳಿ.

ಅಡುಗೆಗೆ ತರುವುದಾದರೆ ಲೇಬಲ್ ಓದಿ. 'ಪೋಮಸ್', 'ಲೈಟ್' ಅಂತ ಇದ್ದರೆ ಅದು ರಿಫೈನ್ಡ್ ಎಣ್ಣೆ. ಗಂಟಲಿಗೆ ಚುರ್ ಎನ್ನುವ ಸತ್ವ ಅದರಲ್ಲಿ ಬಹುತೇಕ ಹೋಗಿರುತ್ತದೆ. 'ಲೈಟ್' ಅಂದರೆ ಬಣ್ಣ, ರುಚಿ ತಿಳಿ, ಅಷ್ಟೇ. ಕೊಬ್ಬು ಅಷ್ಟೇ ಇರುತ್ತದೆ.

ಕೀಮೋ ನಡೆಯುವಾಗ ಎಷ್ಟೋ ಜನ ಊಟ ಸೇರದೆ ತೂಕ ಇಳಿಯುತ್ತಾರೆ. ಆಗ ಅನ್ನಕ್ಕೆ ಬೆರೆಸಿದ ಒಂದು ದೊಡ್ಡ ಚಮಚ ಎಣ್ಣೆ ಸುಮಾರು 120 ಕ್ಯಾಲೊರಿ ಕೊಡುತ್ತದೆ. ಅದು ಆಲಿವ್ ಆದರೂ ಅಷ್ಟೇ, ಮನೆಯ ಶೇಂಗಾ ಎಣ್ಣೆ ಆದರೂ ಅಷ್ಟೇ. ಬಾಟಲಿಗೆ ಹೋಗುವ ದುಡ್ಡಿನಲ್ಲಿ ತತ್ತಿ, ಹಾಲು ತಂದುಕೊಡಿ.